ಟಾಂಗಾದಲ್ಲಿ ಬಂದ ಹೆಡ್‌ಮಾಸ್ತರರ ದನಿ

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ಹುಡುಕುತ್ತ ಕೂರುವ ತ್ರಾಸು ಬೇಡ. ನನ್ನ ಗಂಟಲು ನನ್ನ ಹಿಡಿತದಲ್ಲಿಲ್ಲ. ಯಾರ ಜೊತೆ ಒಂದಿಷ್ಟು ಹೊತ್ತು ಕೂತರೂ ಅವರ ದನಿ ಒಳಗಿಳಿದು ಅಲ್ಲೇ ಠಿಕಾಣಿ ಹೂಡುತ್ತದೆ. ಡೋಣಿ ಊರಿನ ನಮ್ಮ ಸೋದರಮಾವನ ಸೀನನ್ನು ನಾನು ಅವನಿಗಿಂತ ಚೆನ್ನಾಗಿ ಸೀನುತ್ತೇನೆ. ಅತ್ತೆ ಎರಡು ಸಲ ಮೋಸಹೋಗಿ ಕಷಾಯ ತಂದುಕೊಟ್ಟಿದ್ದಾಳೆ. ಇನ್ನು ನನ್ನ ಸ್ವಂತ ದನಿಯ ಮಾತೋ, ಅದನ್ನು ಕೇಳಿ ಈವರೆಗೆ ಒಂದು ಎಮ್ಮೆಯೂ ದಾರಿ ಬಿಟ್ಟಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಬೆಟಗೇರಿಯ ಒಂದು ಶಾಲೆಯಲ್ಲಿ ನಾನು ಹಂಗಾಮಿ ಮಾಸ್ತರ. ಜೂನ್‌ನಲ್ಲಿ ನನ್ನನ್ನು ಮತ್ತೆ ಕರೆಯುವುದೋ ಬಿಡುವುದೋ ಹೆಡ್‌ಮಾಸ್ತರ್ ಹಿರೇಮಠರ ಬಾಯಲ್ಲಿತ್ತು. ಆ ಬಾಯಿಯೋ, ಪ್ರತಿ ಮಾತಿಗೂ ಮೊದಲು ಗಂಟಲು ಕೆರೆದು, ಕೊನೆಗೆ “ತಿಳೀತೋ ಇಲ್ಲೋ?” ಎಂದು ಬೀಗ ಜಡಿಯುವಂಥದ್ದು.

ವರ್ಷದ ಕೊನೆಗೆ ಮನೆಮನೆಗೆ ಸುದ್ದಿ ಮುಟ್ಟಿಸುವುದೇ ನಮ್ಮ ಶಾಲೆಗೆ ದೊಡ್ಡ ಪೇಚು. ರಿಸಲ್ಟ್ ಯಾವತ್ತು, ನಪಾಸಾದವರಿಗೆ ಜೂನ್‌ನಲ್ಲಿ ಮರುಪರೀಕ್ಷೆ ಯಾವತ್ತು ಎಂದು ಹುಡುಗರ ಕೈಯಲ್ಲಿ ಚೀಟಿ ಕೊಟ್ಟರೆ, ಅದು ಓಣಿ ದಾಟುವುದರೊಳಗೆ ವಿಮಾನವಾಗಿ ಹಾರಿಹೋಗುತ್ತಿತ್ತು. ಅದಕ್ಕೇ ಆ ವರ್ಷ ಹಿರೇಮಠರು ಟೆಂಟ್ ಸಿನೆಮಾದ ಜಾಹೀರಾತು ಸಾರುವ ಟಾಂಗಾವನ್ನು ಒಂದು ಸಂಜೆಗೆ ಗೊತ್ತುಮಾಡಿದರು. ಮೇಲೆ ಲೌಡ್‌ಸ್ಪೀಕರು, ಎರಡೂ ಬದಿಗೆ ಸಿನೆಮಾ ಪೋಸ್ಟರಿನ ಮರೆ, ಒಳಗೆ ಮೈಕು ಹಿಡಿದ ನಾನು. ಟಾಂಗಾ ಹೊಡೆಯುವವನು ಮಾಬುಸಾಬ.

ನೇಕಾರರ ಓಣಿಯಲ್ಲಿ ನನ್ನ ಸ್ವಂತ ದನಿಯಲ್ಲಿ ಸಾರಿದೆ. ಮಗ್ಗಗಳು ಲಟಪಟ ಅನ್ನುತ್ತಲೇ ಇದ್ದವು. ಒಬ್ಬರೂ ಕತ್ತೆತ್ತಲಿಲ್ಲ.

“ಮಾಸ್ತರ, ನಿಮ್ಮ ದನಿಗೆ ನನ್ನ ಕುದರಿ ಸುದ್ದಾ ತೂಕಡಸಾಕತ್ತೈತಿ,” ಎಂದ ಮಾಬುಸಾಬ.

ಮಾನ ಹೋಯಿತು. ಗಂಟಲು ಕೆರೆದೆ, ಅಷ್ಟೆ. ಮುಂದಿನದೆಲ್ಲ ಹಿರೇಮಠರೇ ಮಾತಾಡಿದರು. ಮಗ್ಗಗಳು ಒಂದೊಂದಾಗಿ ನಿಂತವು. ಚಹಾದಂಗಡಿ ಮುಂದೆ ಮೊಮ್ಮಗನನ್ನು ಎತ್ತಿಕೊಂಡಿದ್ದ ಹಿರೇಮಠರ ಹಳೆಯ ವಿದ್ಯಾರ್ಥಿಯೊಬ್ಬ ಬೀಡಿಯನ್ನು ಬೆನ್ನ ಹಿಂದೆ ಅಡಗಿಸಿದ. ಇಷ್ಟು ಮರ್ಯಾದೆ ಜನ್ಮದಲ್ಲಿ ಕಂಡವನಲ್ಲ ನಾನು; ತಲೆಗೇರಿತು. ಹೇಳಬೇಕಾದದ್ದು ಮುಗಿದ ಮೇಲೂ ಬಾಯಿ ನಿಲ್ಲಲಿಲ್ಲ: “ನಪಾಸಾದ ಮಕ್ಕಳಿಗೆ ಹೊಡೀಬ್ಯಾಡ್ರಿ. ಸೂಟಿ ಪೂರಾ ನಾನs ಕುಂತು ಲೆಕ್ಕಾ ಕಲಸ್ತೀನಿ. ತಿಳೀತೋ ಇಲ್ಲೋ?”

ಮಾಬುಸಾಬ ಮೈಕು ಕಸಿದುಕೊಂಡು ರೂಢಿಯಂತೆ, “ತಪ್ಪದs ನೋಡ್ರಿ, ದಿನಾ ಎರಡಾಟ,” ಎಂದು ಸೇರಿಸಿದ.

ರಿಸಲ್ಟಿನ ದಿನ ಶಾಲೆಯ ಅಂಗಳ ತುಂಬಿತ್ತು. ಹಿರೇಮಠರು ಬೇಸಿಗೆಯ ಸೂಟಿ ಕಳೆಯಲು ಅಂದೇ ಲಕ್ಷ್ಮೇಶ್ವರಕ್ಕೆ ಮಗಳ ಮನೆಗೆ ಹೊರಡುವವರು. ಟ್ರಂಕು ಆಫೀಸಿನಲ್ಲೇ ತಯಾರಿತ್ತು. ನೇಕಾರರ ಓಣಿಯ ನೀಲವ್ವ ನಪಾಸಾದ ಮಗನನ್ನು ಮುಂದೆ ನಿಲ್ಲಿಸಿದಳು.

“ಸರ, ಇವನ ಶಾಲಿ ಬಿಡಿಸಿ ಮಗ್ಗಕ್ಕ ಹಚ್ಚತೀನಂತ ಇವರಪ್ಪ ಹಟಾ ಹಿಡದಿದ್ದಾ. ನೀವು ಕಲಸ್ತೀನಿ ಅಂದದ್ದು ಕೇಳಿ ಸುಮ್ಮಾಗ್ಯಾನ. ನಾಳೆ ಎಷ್ಟೊತ್ತಿಗೆ ಕಳಸ್ಲಿರಿ?”

ಅವಳ ಹಿಂದೆ ಅಂಥ ಅವ್ವಂದಿರ ಸಾಲೇ ಇತ್ತು. ಹಿರೇಮಠರು ಮೊದಲು ಅವಳನ್ನು ನೋಡಿದರು, ಆಮೇಲೆ ನಿಧಾನವಾಗಿ ನನ್ನನ್ನು ನೋಡಿದರು. ನಾನು ಕೈಯಲ್ಲಿದ್ದ ರಿಸಲ್ಟಿನ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

“ಹೌದವ್ವಾ, ಅಂದೀನಿ,” ಎಂದರು ಹಿರೇಮಠರು. “ಮುಂಜಾನೆ ಕಳಸು.”

ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಮುಗಿಯಿತು ನನ್ನ ಮಾಸ್ತರಿಕೆ ಎಂದುಕೊಂಡು ಕೈಮುಗಿದು ಬಾಯಿ ತೆರೆದೆ. ಹಾಳು ಗಂಟಲು ಅಂಜಿಕೆಗೆ ಮತ್ತೆ ಕೈಕೊಟ್ಟಿತು. ಮೊದಲು ಕೆರೆಯಿತು, ಆಮೇಲೆ, “ತಪ್ಪಾತ್ರಿ ಸರ, ತಿಳೀತೋ ಇಲ್ಲೋ?” ಎಂದಿತು.

ಹಿರೇಮಠರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಟ್ರಂಕು ಎತ್ತಿಕೊಂಡು ಬಾಗಿಲ ಚಿಲಕ ತೆಗೆಯುತ್ತ ಹೇಳಿದರು:

“ಕಲಸ್ತೀನಂತ ಮಾತು ಕೊಟ್ಟಿದ್ದು ನನ್ನ ದನಿ, ಅದು ಇರೋದು ನಿನ್ನ ಗಂಟಲದಾಗ. ನಾ ಲಕ್ಷ್ಮೇಶ್ವರಕ್ಕ ಹೊಂಟೆ, ಸೂಟಿ ಪೂರಾ ಕುಂತು ಕಲಸು. ಜೂನದಾಗ ಆ ಹುಡುಗ್ರು ಪಾಸಾದ್ರ ನೀನೂ ಪಾಸು. ತಿಳೀತೋ ಇಲ್ಲೋ?”