ನಾಗಪತಿ ಹೆಣೆದ ಜಡೆ

ದಿನವಿಡೀ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಮನುಷ್ಯನಿಗೆ ಜಡೆ ಕೋಲಾಟ ಯಾವ ಲೆಕ್ಕ! ಆನವಟ್ಟಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯಿಟ್ಟ ನಾಗಪತಿ ಹೀಗೆಂದು ಎದೆಯುಬ್ಬಿಸಿ, ಹೆಂಡತಿ ರಾಜೀವಿಯ ತಂಡಕ್ಕೆ ಸೇರಿಯೇಬಿಟ್ಟ. ತಂಡದ ಒಬ್ಬಾಕೆ ಮಗಳ ಬಾಣಂತನಕ್ಕೆ ಹೋಗಿ ಜೋಡಿ ತಪ್ಪಿತ್ತು. ಭಾನುವಾರ ಸೊರಬದಲ್ಲಿ ಕಾರ್ಯಕ್ರಮ.

"ರೀ, ಅದು ಕಾಲಿನ ಕೆಲ್ಸ, ಕೈದಲ್ಲ," ಎಂದಳು ರಾಜೀವಿ.

"ಸುತ್ತೋದು ಅಂದ್ಮೇಲೆ ಸುತ್ತೋದೇ ಕಣೇ. ನೋಡ್ತಿರು."

ಅಭ್ಯಾಸಕ್ಕೆಂದು ಊರಿನ ಸಮುದಾಯ ಭವನದ ತೊಲೆಯಿಂದ ಬಣ್ಣಬಣ್ಣದ ಹಗ್ಗಗಳು ಇಳಿಬಿದ್ದಿದ್ದವು. ಒಂದೊಂದೂ ಕುಣಿಯುವವರ ಮನೆಯ ಹಳೆ ಸೀರೆ ಹೊಸೆದು ಮಾಡಿದ್ದು. ರಾಜೀವಿಯದು ತೀರಿಹೋದ ಅಮ್ಮನ ಹಸಿರು ಸೀರೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು. ಎದುರು ಬಂದ ಒಬ್ಬರನ್ನು ಒಳಗಿಂದ, ಮುಂದಿನವರನ್ನು ಹೊರಗಿಂದ ದಾಟುತ್ತ ಸುತ್ತಿದರೆ ಮೇಲೆ ಜಡೆ ಹೆಣೆಯುತ್ತದೆ. ಹಾಗೇ ಹಿಂದಕ್ಕೆ ಕುಣಿದರೆ ಬಿಚ್ಚಿಕೊಳ್ಳುತ್ತದೆ.

ನಾಗಪತಿ ದಿಗ್ವಿಜಯಕ್ಕೆ ಹೊರಟ. ಒಳಗೆ ಹೋಗಬೇಕಾದಲ್ಲಿ ಹೊರಗೆ ಹೋದ. ಅದನ್ನು ಸರಿಮಾಡಲು ಒಂದು ಸುತ್ತು ಹೆಚ್ಚಿಗೆ ಹಾಕಿದ. ಅದನ್ನು ಮುಚ್ಚಿಹಾಕಲು ಇನ್ನೊಂದು! ಹಗ್ಗಗಳು ಗಿಡ್ಡವಾಗುತ್ತ ಬಂದು, ಇಡೀ ತಂಡ ಮೂಗಿಗೆ ಮೂಗು ತಾಗಿಸಿಕೊಂಡು ನಡುವೆ ನಿಂತಿತು. ಹಿಂದಕ್ಕೆ ಕುಣಿಯಲು ಹೋದರೆ ಗಂಟು ಇನ್ನೂ ಬಿಗಿಯಿತು.

"ಯಾರೂ ಹಗ್ಗ ಬಿಡಬ್ಯಾಡ್ರಿ," ಎಂದಳು ಕೋಲಾಟ ಕಲಿಸುವ ಗುಡ್ಡಮ್ಮ, ನಾಗಪತಿಯ ಕಂಕುಳಡಿಯಿಂದ. "ತಪ್ಪಿದೋರು ಅದೇ ತಪ್ಪನ್ನ ತಿರುಗಿಸಿ ಕುಣೀಬೇಕು."

"ನಂಗೆಲ್ಲಿ ನೆನಪಿರುತ್ತೆ ಗುಡ್ಡಮ್ಮೋರೇ? ಒಂದೇ ಕಡೆ ಕತ್ತರಿಸಿಬಿಟ್ರೆ..." ನಾಗಪತಿ ಜೇಬಿನಿಂದ ತಂತಿ ಕತ್ತರಿಸುವ ಕಟ್ಟರ್ ತೆಗೆದ. ಗಂಟಿನಲ್ಲಿ ಎಲ್ಲಕ್ಕಿಂತ ಬಿಗಿಯಾಗಿದ್ದದ್ದು ಹಸಿರು ಹಗ್ಗ.

ರಾಜೀವಿ ಕೈಯಲ್ಲಿದ್ದ ಹಗ್ಗದ ತುದಿಯನ್ನು ಎದೆಗೊತ್ತಿಕೊಂಡಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ನಾಗಪತಿಗೆ. ಕಟ್ಟರ್ ತೆಪ್ಪಗೆ ಜೇಬು ಸೇರಿತು.

"ನಂಗೆ ನೆನಪಿದೆ," ಎಂದಳು ರಾಜೀವಿ. "ರೀ, ಮೊದ್ಲು ಎಡಕ್ಕೆ ಬನ್ನಿ. ಈಗ ಗುಡ್ಡಮ್ಮೋರ ಬೆನ್ನ ಹಿಂದೆ. ಅಲ್ಲಿ ಸುಮ್ ಸುಮ್ನೆ ಒಂದು ಸುತ್ತು ಹಾಕಿದ್ರಿ, ಅದನ್ನೂ ವಾಪಸ್ ಹಾಕಿ."

ಅವಳು ಹೇಳಿದಂತೆ ಎಲ್ಲರೂ ಹಿಂದೆ ಹಿಂದೆ ಕುಣಿದರು. ಕೊನೆಗೆ ಹಸಿರು ಹಗ್ಗ ಒಂದೆಳೆಯೂ ಹರಿಯದೆ ಸರಕ್ಕನೆ ಇಳಿಯಿತು. ರಾಜೀವಿಯ ಕಣ್ಣು ತುಂಬಿತು. ನಾಗಪತಿಗೆ ಹೋದ ಜೀವ ಬಂತು.

ಜೀವದ ಹಿಂದೆಯೇ ಜಂಬವೂ ಬಂತು. ಬೈಕಿನಲ್ಲಿ ಮನೆಗೆ ಹೋಗುತ್ತ ಕೇಳಿದ: "ಅಲ್ವೇ, ಇಡೀ ಹೊತ್ತು ನನ್ನನ್ನೇ ನೋಡ್ತಿದ್ದೆ ಅನ್ನು. ಅಷ್ಟು ಚೆನ್ನಾಗಿತ್ತಾ ನನ್ನ ಕುಣಿತ?"

ರಾಜೀವಿ ಅವನ ಬೆನ್ನಿಗೆ ತಲೆಯಾನಿಸಿದಳು.

"ಎಲ್ಲಿ ತಪ್ತೀರೋ ಅಂತ ನೋಡ್ತಿದ್ದೆ ರೀ. ಮದುವೆ ಆದಾಗಿಂದ ನಂಗೆ ಅದೇ ಕೆಲ್ಸ."