ತಾರಸಿ ಖಾಲಿ

ಶಾಲೆಯ ತಾರಸಿಗೆ ಕೇಂದ್ರ ಸರ್ಕಾರದ ಖರ್ಚಿನಲ್ಲಿ ಸೋಲಾರ್, ಕೋಣೆಗಳಿಗೆ ದೀಪ, ಫ್ಯಾನು ಎಂಬ ಪತ್ರ ಬಂದ ದಿನವೇ ಗುಮಾಸ್ತರು ಪಣ ತೊಟ್ಟಿದ್ದರು: ತಮ್ಮ ತಲೆಯ ಮೇಲೊಂದು ಫ್ಯಾನು ತಿರುಗಲೇಬೇಕು. ಹಿತ್ತಿಲಿಗೆ ಅಂಟಿಕೊಂಡ ತಗಡಿನ ಸೂರಿನ ಕೋಣೆಯಲ್ಲಿ ಅವರು ಹನ್ನೊಂದು ವರ್ಷ ಬೆಂದಿದ್ದರು.

ಇಂದು ನಾಲ್ಕು ಗಂಟೆಗೆ ತಪಾಸಣೆಯ ಅಧಿಕಾರಿ ಬರುವವರಿದ್ದರು. ತಾರಸಿ ಖಾಲಿಯಿಲ್ಲದಿದ್ದರೆ ಯೋಜನೆ ಬೇರೆ ಶಾಲೆಯ ಪಾಲು. ತಾರಸಿಯಲ್ಲೋ ಮೂವತ್ತೆರಡು ಮುರುಕು ಬೆಂಚು. ಎಸೆಯುವಂತಿಲ್ಲ, ದಾಸ್ತಾನು ಪುಸ್ತಕದಲ್ಲಿ ಅವೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದವು.

“ಸಾರ್, ನಿಮ್ಮ ರೂಮಲ್ಲಿ ಒಂದ್ಹತ್ತು ಇಡ್ಲಾ?” ಎಂದು ಕೇಳಿದರು ಗುಮಾಸ್ತರು.

“ನನ್ನ ರೂಮೇನು ಗುಜರಿ ಅಂಗ್ಡೀನೇನ್ರೀ?” ಎಂದರು ಹೆಡ್‌ಮಾಸ್ಟರು.

ವಿಜ್ಞಾನದ ಮೇಡಂ ಲ್ಯಾಬಿನ ಬಾಗಿಲಿಗೆ ಅಡ್ಡ ನಿಂತರು. ಡ್ರಿಲ್ ಮಾಸ್ಟರು ಮಾತ್ರ ಧಾರಾಳಿ. “ಬೆನ್ನು ಬಗ್ಗಿಸ್ಬೇಡಿ, ಮಂಡಿ ಬಗ್ಗಿಸಿ ಎತ್ತಿ” ಎಂದು ಹೇಳಿಕೊಟ್ಟು ಕಾಫಿಗೆ ಹೊರಟರು.

“ಆಗಲ್ಲ ಬಿಡಿ ಸಾರ್” ಎಂದ ಜವಾನ.

“ಆಗಲ್ಲ ಅನ್ನೋ ಮಾತು ಇವತ್ತು ಬೇಡ. ಆ ಕಡೆ ಹಿಡ್ಕೊ!”

ಮೊದಲ ಬೆಂಚು ಮೆಟ್ಟಿಲಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆ ನುಂಗಿತು. ನಾಲ್ಕನೆಯದರ ಮೊಳೆಗೆ ಸಿಕ್ಕಿ ಗುಮಾಸ್ತರ ಅಂಗಿ ಹರಿಯಿತು. ಅಂಗಳದಲ್ಲಿಡಲು ಹೋದರೆ ಹೆಡ್‌ಮಾಸ್ಟರು ಕಿಟಕಿಯಿಂದಲೇ ಕೂಗಿದರು: “ಸಾಹೇಬ್ರ ಕಣ್ಣಿಗೆ ಮೊದ್ಲು ಅದೇ ಬೀಳುತ್ತಲ್ರೀ!” ಹಲ್ಲು ಕಚ್ಚಿ ಗುಮಾಸ್ತರು ತಮ್ಮ ಕೋಣೆಯನ್ನೇ ತೆರೆದರು. ಮೇಜು ಕುರ್ಚಿ ವರಾಂಡಕ್ಕೆ ಬಂದವು, ಬೆಂಚುಗಳು ಸೂರು ಮುಟ್ಟಿದವು. ಒಂದು ದಿನದ ಮಟ್ಟಿಗೆ ತಾನೇ, ನಾಳೆ ಮತ್ತೆ ತಾರಸಿಯ ಒಂದು ಮೂಲೆಗೆ ಸಾಗಿಸಿದರಾಯಿತು ಎಂದುಕೊಂಡರು.

ಅಧಿಕಾರಿ ತಾರಸಿ ನೋಡಿ ತಲೆದೂಗಿದರು. “ಒಂದು ಕಡ್ಡಿಯೂ ಇಲ್ಲ. ಹೀಗೇ ಇರ್ಬೇಕು. ಆರು ತಿಂಗಳಿಗೊಮ್ಮೆ ಬಂದು ನೋಡ್ತೀವಿ, ಏನಾದ್ರೂ ಇಟ್ರೆ ಯೋಜನೆ ವಾಪಸ್.” ಗುಮಾಸ್ತರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮುಂದೆ ಅಧಿಕಾರಿ ಕೋಣೆಕೋಣೆಗೂ ಹೋಗಿ ದೀಪ, ಫ್ಯಾನು ಬರೆದುಕೊಳ್ಳುತ್ತ ತಗಡಿನ ಸೂರಿನ ಬಾಗಿಲಿಗೆ ಬಂದರು.

“ಇದೇನು?”

“ನನ್ನ ಕೋಣೆ ಸಾರ್!” ಗುಮಾಸ್ತರು ಮುಂದೆ ನುಗ್ಗಿದರು.

“ಕೂತ್ಕೊಳ್ಳೋದೆಲ್ಲಿ?”

“ಬೆಂಚು ಇವತ್ತೊಂದಿನ ಮಾತ್ರ ಸಾರ್.”

“ಹಾಗಾದ್ರೆ ನಾಳೆ ಇವೆಲ್ಲ ಎಲ್ಲಿಗೆ ಹೋಗ್ತವೆ?”

ಹೆಡ್‌ಮಾಸ್ಟರು ಕೆಮ್ಮಿದರು. ಗುಮಾಸ್ತರು ಒಮ್ಮೆ ತಾರಸಿಯತ್ತ ನೋಡಿದರು. ಅಲ್ಲಿ ಇನ್ನು ಒಂದು ಕಡ್ಡಿಯನ್ನೂ ಇಡುವಂತಿಲ್ಲ. ಆದರೂ ಕೈಗೆ ಬಂದ ಯೋಜನೆಯನ್ನು ಬಿಡುವ ಜೀವ ಅದಲ್ಲ.

“ಎಲ್ಲಿಗೂ ಇಲ್ಲ ಸಾರ್” ಎಂದರು. “ಇದು ಉಗ್ರಾಣ.”

“ಉಗ್ರಾಣ, ಫ್ಯಾನು ಬೇಡ” ಎಂದು ಅಧಿಕಾರಿ ಬರೆದುಕೊಂಡು, ಶಾಲೆಯ ಪರವಾಗಿ ಒಪ್ಪಿಗೆಯ ರುಜು ಹಾಕಲು ಪೆನ್ನನ್ನು ಗುಮಾಸ್ತರಿಗೇ ಕೊಟ್ಟರು.