ಮೃದುವಾಗಿ ಉಜ್ಜಿದ ಬಾಗಿಲು

ಹೆಂಡತಿ: ಹಾಗಾದ್ರೆ ಇದೇನ್ರೀ?

ಅವಳ ಕೈಯಲ್ಲಿ ಗೇಣುದ್ದದ ಟೇಪು, ಮುಂಬಾಗಿಲಿಗೆ ಅಂಟಿಸಿ ಕಿತ್ತದ್ದು. ಗಂಡ ಮೊನ್ನೆ ಬಳಿದಿದ್ದ ಹಸಿರು ಬಣ್ಣ ಹಾಗೇ ಸುಲಿದು ಅದಕ್ಕೆ ಹತ್ತಿಕೊಂಡಿತ್ತು. ಬಾಗಿಲಲ್ಲಿ ಅಷ್ಟೇ ಅಗಲಕ್ಕೆ ಹಳೆಯ ವಾರ್ನಿಷ್ ಮಿರಮಿರ ಮಿಂಚುತ್ತಿತ್ತು.

ಗಂಡ: ಟೇಪ್ ಗಟ್ಟಿಯಾಗಿದೆ. ಎಲ್ಲಿ ತಗೊಂಡೆ?

ಹೆಂಡತಿ: ಮಾತು ಮರೆಸಬೇಡಿ. ಉಜ್ಜಿದ್ರೋ ಇಲ್ವೋ?

ಗಂಡ: ಉಜ್ಜಿದೆ ಕಣೇ.

ಹೆಂಡತಿ: ಯಾವುದರಲ್ಲಿ? ಸ್ಯಾಂಡ್‌ಪೇಪರ್ ತಂದ ಹಾಗೇ ಮಡಚಿಟ್ಟಿದೆ.

ಗಂಡ: ಮೃದುವಾಗಿ ಉಜ್ಜಿದೆ.

ಹೆಂಡತಿ: ಅದೇನು ಮಗು ಕೆನ್ನೆನಾ? ನುಣುಪು ಹೋಗೋ ತನಕ ಉಜ್ಜದಿದ್ರೆ ಬಣ್ಣ ಕೂರಲ್ಲ ಅಂತ ಅಂಗಡಿಯವರು ಎರಡು ಸಲ ಹೇಳಿದ್ರು.

ಗಂಡ: ಮೂರು ಸಲ.

ಹೆಂಡತಿ: ಮತ್ತೆ?

ಗಂಡ ಬ್ರಷ್ಷಿನ ಕೂದಲು ಒಂದೊಂದೇ ಸರಿಮಾಡುತ್ತ ನಿಂತ.

ಗಂಡ: ಆ ವಾರ್ನಿಷ್ ನಾನು ಹೊಡೆದದ್ದು. ಈ ಮನೆಗೆ ಬಂದ ವಾರ. ಮೂರು ಕೋಟು. ಉಜ್ಜೋಕೆ ಕೈ ಏಳಲಿಲ್ಲ.

ಹೆಂಡತಿ: ಅಂದ್ರೆ, ಉದುರಲಿ ಅಂತಲೇ ಬಳಿದ್ರಿ.

ಗಂಡ: ಎರಡು ಮಳೆಗೆ ಹೋಗುತ್ತೆ ಅಂದ್ಕೊಂಡಿದ್ದೆ. ನೀನು ಟೇಪ್ ಹಾಕ್ತೀಯ ಅಂತ ಯಾರಿಗೆ ಗೊತ್ತಿತ್ತು?

ಹೆಂಡತಿ: ಕೆಳಗಡೆ ಮರ ಬಿರಿದಿದೆ. ಹೀಗೇ ಬಿಟ್ರೆ ಬಾಗಿಲೇ ಇರಲ್ಲ, ವಾರ್ನಿಷ್ ಎಲ್ಲಿ ನೋಡ್ತೀರಿ?

ಗಂಡ: ಹಸಿರು ಬಾಗಿಲಲ್ಲಿ ಓಡಾಡೋಕೆ ನನ್ನಿಂದ ಆಗಲ್ಲ. ಯಾರದೋ ಮನೆಗೆ ನುಗ್ಗಿದ ಹಾಗಾಗುತ್ತೆ. ಮುಂಬಾಗಿಲು ನಿನ್ನಿಷ್ಟ. ಹಿತ್ತಲ ಬಾಗಿಲು ಮಾತ್ರ ಮುಟ್ಟಬೇಡ. ಅದೂ ನನ್ನ ಮೂರು ಕೋಟು.

ಹೆಂಡತಿ: ಈಗಲೂ ಅದರಲ್ಲೇ ತಾನೇ ಬಂದು ಹೋಗೋದು?

ಗಂಡ: ಹೂಂ. ದಿನಾ ನೋಡ್ತೀನಲ್ಲ, ಅದೇ ಒಂದು ಸಮಾಧಾನ.

ಹೆಂಡತಿ: ಹೋದ ವಾರ ಬಣ್ಣದ ವಾಸನೆ ಅಂದ್ರಲ್ಲ?

ಗಂಡ: ಪಕ್ಕದ ಮನೆಯವರು ಏನೋ ಬಳೀತಿದ್ರು.

ಹೆಂಡತಿ: ಆಗಲೇ ನಿಮ್ಮ ಅಂಗಿ ಮೊಣಕೈಗೆ ಹಸಿರು ಹತ್ತಿತ್ತಲ್ಲ?

ಗಂಡ: ಗಿಡ ತಾಗಿದ್ದು ಕಣೇ.

ಹೆಂಡತಿ ತುಟಿ ಕಚ್ಚಿ ನಗು ತಡೆದಳು. ಗಂಡ ಅವಳ ಮುಖವನ್ನೇ ನೋಡಿದ. ಬ್ರಷ್ ಕೆಳಗಿಟ್ಟು, ಅಡುಗೆಮನೆ ದಾಟಿ ಹಿತ್ತಲಿಗೆ ಹೋದ.

ಗಂಡ: (ಹಿತ್ತಲಿನಿಂದ) ಇದೂ ಹಸಿರೇ! ಆ ಟೇಪಿನ ಸುರುಳಿ ಕೊಡು.

ಕೊಟ್ಟು ಬಂದಳು. ಚರ್ರೆಂದು ಕಿತ್ತ ಸದ್ದು ಕೇಳಿತು. ಅವನು ಹೊಸ ಟೇಪಿನ ತುಂಡನ್ನು ಬೆಳಕಿಗೆ ಹಿಡಿದುಕೊಂಡೇ ವಾಪಸ್ಸು ಬಂದ. ಅದರಲ್ಲಿ ಒಂದು ಚುಕ್ಕೆ ಬಣ್ಣವೂ ಇರಲಿಲ್ಲ.

ಗಂಡ: ಚೆನ್ನಾಗಿ ಉಜ್ಜಿದ್ದೀಯ.

ಹೆಂಡತಿ: ಎರಡು ಮಧ್ಯಾಹ್ನ ಹಿಡೀತು. ನಿಮ್ಮ ವಾರ್ನಿಷ್ ಸುಲಭಕ್ಕೆ ಬಿಡಲಿಲ್ಲ.

ಗಂಡನ ಮುಖ ಅರಳಿತು. ಮಡಚಿಟ್ಟಿದ್ದ ಸ್ಯಾಂಡ್‌ಪೇಪರ್ ಬಿಚ್ಚಿದ.

ಗಂಡ: ಬಿಡಲಿಲ್ಲ ತಾನೇ?